ಒಂದೂವರೆ ತೊಲದ ಸೀಸ

(ಬಾನುಲಿ ಭಾಷಣದ ಪೂರ್ಣಪಾಠ)



ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನೊಬ್ಬ ಪಿಸ್ತೂಲಿನ ತೋಟಾವನ್ನು ಕುರಿತು ಮಾತನಾಡುತ್ತೇನೆಂದರೆ ನಿಮಗೆ ಸೋಜಿಗವಾದೀತು. ನಾನು ಬಂದೂಕು ಹಿಡಿದವನಲ್ಲ. ಹಿಡಿಯುವ ಆಸೆಯೂ ಎಂದೂ ಆಗಲಿಲ್ಲ. ನನ್ನನ್ನು ಈ ವಿಷಯದತ್ತ ಎಳೆದು ತಂದದ್ದು ಒಂದು ಪದ. ‘ಕಾಡತೂಸು’ ಎಂಬ ಪದವನ್ನು ನಮ್ಮ ಹಿರಿಯರು ಬಳಸುತ್ತಿದ್ದರು. ಇಟಲಿಯ ಭಾಷೆಯಲ್ಲಿ ಕಾಗದಕ್ಕೆ ‘ಕಾರ್ತಾ’ ಎನ್ನುತ್ತಾರೆ. ಕಾಗದದ ಸುರುಳಿ ‘ಕಾರ್ತೋಚ್ಚೊ’. ಅದು ಫ್ರೆಂಚರಲ್ಲಿ ‘ಕಾರ್ತೂಶ್’ ಆಯಿತು, ಪೋರ್ಚುಗೀಸರಲ್ಲಿ ‘ಕಾರ್ತೂಶು’ ಆಯಿತು, ಇಂಗ್ಲಿಷರಲ್ಲಿ ‘ಕಾರ್ಟ್ರಿಜ್’ ಆಯಿತು, ನಮ್ಮ ಕಡೆ ಬಂದು ಕಾಡತೂಸಾಯಿತು. ಬಾಳೆಲ್ಲ ಕಾಗದದ ಮೇಲೆ ಕಳೆದ ನನ್ನಂಥವನಿಗೆ, ಕಾಡತೂಸು ಎಂದರೆ ಮೂಲದಲ್ಲಿ ಬರಿಯ ಕಾಗದದ ಪೊಟ್ಟಣ ಎಂದು ತಿಳಿದಾಗ, ಆ ಕಾಗದದಲ್ಲಿ ಏನು ಬರೆದಿದೆ ಎಂದು ಓದುವ ಕುತೂಹಲ ಹುಟ್ಟಿತು.

ನಮ್ಮಲ್ಲಿ ‘ತೋಟಾ’ ಎಂಬ ಮಾತೂ ಇದೆ. ಹೂವು ಹಣ್ಣು ಬೆಳೆಯುವ ತೋಟಕ್ಕೂ ಪ್ರಾಣ ತೆಗೆಯುವ ತೋಟಾಕ್ಕೂ ನಡುವೆ ಇರುವುದು ಒಂದು ದೀರ್ಘ ಮಾತ್ರ. ಇನ್ನು ತೋಟಾದೊಳಗೆ ತುಂಬುವ ವಸ್ತುವಿಗೆ ನಾವು ‘ಮದ್ದು’ ಎನ್ನುತ್ತೇವೆ. ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ವೈರಿಗೆ ಅನ್ನದಲ್ಲಿ ಕಲಸಿ ಇಡುವುದೂ ಮದ್ದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಂದು ನಾನು ಹೇಳಹೊರಟಿರುವುದು ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಾಧಿಕಾರಿಗಳು ಸೊಂಟದಲ್ಲಿ ಧರಿಸುತ್ತಿದ್ದ ವೆಬ್ಲೀ ರಿವಾಲ್ವರಿನ ತೋಟಾದ ಚರಿತ್ರೆ. ಇಂಚನ್ನು ಸಾವಿರ ಭಾಗ ಮಾಡಿ ಅದರಲ್ಲಿ 455 ಭಾಗ ಅಡ್ಡಳತೆಯ ಗುಂಡುಳ್ಳದ್ದಾದ್ದರಿಂದ ಅದಕ್ಕೆ ‘ಪಾಯಿಂಟ್ 455’ ಎಂದು ಹೆಸರು. ಇಂಚಿನ ಸಾವಿರದ ಒಂದು ಭಾಗ ಎಂದರೆ ಏನೆಂದು ಹರಿಹರದವರಿಗೆ ನಾನು ವಿವರಿಸಬೇಕಾಗಿಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥುಗಳನ್ನು ತಯಾರಿಸಿದ ಎರಡು ತಲೆಮಾರಿನ ಕೆಲಸಗಾರರಿಗೆ ಅದು ನಿತ್ಯದ ಲೆಕ್ಕವಾಗಿತ್ತು. ಆ ಕಾರ್ಖಾನೆ ಮುಚ್ಚಿದೆ. ಅಳತೆಯ ಆ ಶಿಸ್ತು ಊರಿನ ಹಿರಿಯರ ಮಾತಿನಲ್ಲಿ ಇನ್ನೂ ಉಳಿದಿದೆ.

ಹರಿಹರಕ್ಕೂ ತೋಟಾಕ್ಕೂ ಇದಕ್ಕಿಂತ ಹಳೆಯ ಸಂಬಂಧವೊಂದುಂಟು. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವನೆಂದು ನಮಗೆಲ್ಲ ಗೊತ್ತು. ಆದರೆ ಊರಿನಿಂದ ಎರಡು ಮೈಲಿ ದೂರದಲ್ಲಿ ಇನ್ನೊಂದು ದಂಡು ಬೀಡುಬಿಟ್ಟಿದ್ದುದನ್ನು ಮರೆತಿದ್ದೇವೆ. 1865ರವರೆಗೂ ಅಲ್ಲಿ ಬ್ರಿಟಿಷರ ದೇಶೀ ಪಲ್ಟನ್ ಒಂದರ ಠಾಣ್ಯವಿತ್ತು. ಆ ಕಾಲದ ಸಿಪಾಯಿ ಕಂಡದ್ದು ಅಕ್ಷರಶಃ ಕಾಗದದ ತೋಟಾ. ಒಂದು ಸೀಸದ ಗುಂಡು, ಒಂದು ಸಲಕ್ಕೆ ಆಗುವಷ್ಟು ಕರಿಮದ್ದು, ಎರಡನ್ನೂ ಸುತ್ತಿದ ಕಾಗದ. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಕೆಗೆ ಸುರಿದು, ಗುಂಡನ್ನು ಸಲಾಕೆಯಿಂದ ಜಡಿಯಬೇಕು. ಸಿಪಾಯಿಯಾಗಲು ಬಾಯಲ್ಲಿ ಗಟ್ಟಿ ಹಲ್ಲಿರಬೇಕಿತ್ತು.

ಆ ಕಚ್ಚುವಿಕೆಯಿಂದಲೇ ಚರಿತ್ರೆ ಹೊರಳಿತು. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂ ಎಂಬ ಊರಿನಲ್ಲಿ, ಹೊಸ ಎನ್‌ಫೀಲ್ಡ್ ಕೋವಿಯ ತೋಟಾಕ್ಕೆ ಹಸುವಿನ ಮತ್ತು ಹಂದಿಯ ಕೊಬ್ಬು ಸವರಿದೆಯೆಂಬ ಸುದ್ದಿ ಮೊದಲು ಹಬ್ಬಿತು. ಮುಂದಿನದನ್ನು ನೀವು ಬಲ್ಲಿರಿ. ದಂಗೆಗೆ ಹೆದರಿದ ಸರ್ಕಾರ ಪ್ರಜೆಗಳ ಕೈಯಿಂದ ಆಯುಧ ಕಸಿಯಲು ಕಾಯಿದೆ ತಂದಿತು. ಆ ಕಾಯಿದೆ ಮುಧೋಳ ಸೀಮೆಯ ಹಲಗಲಿಗೆ ಬಂದಾಗ ಬೇಡರು ತಮ್ಮ ಹತಾರಗಳನ್ನು ಕೊಡಲು ಒಪ್ಪಲಿಲ್ಲ. 1857ರ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರ್ ತಿಂಗಳಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಲಾವಣಿಯನ್ನು ಫ್ಲೀಟ್ ಸಾಹೇಬರು 1885ರಿಂದಾಚೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸತೊಡಗಿದ ಕನ್ನಡ ಲಾವಣಿಗಳ ಸಾಲಿನಲ್ಲಿ ಸೇರಿಸಿದರು. ನಾನು ತರಗತಿಯಲ್ಲಿ ಅದನ್ನು ಎಷ್ಟು ಸಲ ಪಾಠ ಹೇಳಿದ್ದೇನೋ! ಲಾವಣಿಕಾರನು ಸತ್ತವರನ್ನು ಹೆಸರು ಹಿಡಿದು ಕರೆಯುತ್ತಾನೆ. ಇದನ್ನೂ ನೆನಪಿನಲ್ಲಿಡಿ.

ಹರಿಹರದ ಪಲ್ಟನ್ ತೆರಳಿದ ಮರುವರ್ಷ, ಅಂದರೆ 1866ರಲ್ಲಿ, ಇಂಗ್ಲೆಂಡಿನ ಕರ್ನಲ್ ಬಾಕ್ಸರ್ ಎಂಬಾತನ ತೋಟಾ ಬಳಕೆಗೆ ಬಂದಿತು. ಕಾಗದದ ಸ್ಥಾನದಲ್ಲಿ ಹಿತ್ತಾಳೆಯ ತಗಡು. ತಳದ ನಡುಮಧ್ಯದಲ್ಲಿ, ಬಡಿದರೆ ಹೊತ್ತಿಕೊಳ್ಳುವ ಒಂದು ಪುಟ್ಟ ಬಟ್ಟಲು. ಕುದುರೆ ಎಂದು ನಾವು ಕರೆಯುವ ಸುತ್ತಿಗೆ ಆ ಬಟ್ಟಲಿಗೆ ಬಡಿಯುತ್ತದೆ, ಕಿಡಿ ಮದ್ದಿಗೆ ತಗಲುತ್ತದೆ, ಅನಿಲ ಹಿಗ್ಗುತ್ತದೆ, ಹಿತ್ತಾಳೆಯ ಕೋಶ ತಾನೂ ಹಿಗ್ಗಿ ಕೋಣೆಯ ಗೋಡೆಗೆ ಅಂಟಿ ಹಿಂದಕ್ಕೆ ಅನಿಲ ಸೋರದಂತೆ ತಡೆಯುತ್ತದೆ. ಮುಂದಕ್ಕೆ ಗುಂಡು ಹಾರುತ್ತದೆ. ಹಾರಿದ ಮೇಲೆ ಕೋಶ ಮತ್ತೆ ಕೊಂಚ ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಕಚ್ಚುವ, ಸುರಿಯುವ, ಜಡಿಯುವ ಮೂರು ಕ್ರಿಯೆಗಳು ಒಂದು ಬೆರಳಿನ ಕ್ರಿಯೆಯಾಗಿ ಅಡಗಿದವು. 1868ರಲ್ಲಿ ತುಂಗಭದ್ರೆಗೆ ಹರಿಹರದ ಹಳೆಯ ಸೇತುವೆ ಮುಗಿಯಿತು; ಅದೇ 1868ರಲ್ಲಿ ಬ್ರಿಟಿಷ್ ಸೈನ್ಯ ಇಂಥ ಹಿತ್ತಾಳೆಯ ತೋಟಾವನ್ನು ಮೊದಲ ಬಾರಿಗೆ ರಿವಾಲ್ವರಿಗೆ ಒಪ್ಪಿಕೊಂಡಿತು. ಅದು ಆಡಮ್ಸ್ ರಿವಾಲ್ವರಿನ ಪಾಯಿಂಟ್ 450 ತೋಟಾ. ನಮ್ಮ ಕಥಾನಾಯಕನ ಅಣ್ಣ ಎನ್ನಬಹುದು.

ಗುಂಡಿನ ತೂಕವನ್ನು ಇಂಗ್ಲಿಷರು ‘ಗ್ರೇನ್’ ಎಂಬ ಮಾನದಿಂದ ಹೇಳುತ್ತಾರೆ. ಗ್ರೇನ್ ಎಂದರೆ ಕಾಳು. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗಿದಂತೆ ಅವರು ಧಾನ್ಯದ ಕಾಳಿನಿಂದ ತೂಗಿದರು. ಕಂಪನಿ ಸರ್ಕಾರ ನಮ್ಮ ತೊಲವನ್ನು 180 ಗ್ರೇನಿಗೆ ಸಮವೆಂದು ಗೊತ್ತುಮಾಡಿತ್ತು. ಬೆಳ್ಳಿಯ ರೂಪಾಯಿಯ ತೂಕವೂ ಅಷ್ಟೇ. ಆದ್ದರಿಂದ ಈ ಲೆಕ್ಕವನ್ನು ನಾವು ನಮ್ಮ ತೊಲದಲ್ಲಿಯೇ ಓದಬಹುದು. ಆಡಮ್ಸ್ ತೋಟಾದ ಗುಂಡು 225 ಗ್ರೇನ್, ಅಂದರೆ ಸರಿಯಾಗಿ ಒಂದೂಕಾಲು ತೊಲ ಸೀಸ. ಅದನ್ನು ನೂಕುವ ಕರಿಮದ್ದು 13 ಗ್ರೇನ್.

ಸೈನ್ಯಕ್ಕೆ ಇದು ಸಾಲದೆನಿಸಿತು. ದೂರದ ವಸಾಹತುಗಳ ಯುದ್ಧಗಳಿಂದ ಅಧಿಕಾರಿಗಳ ದೂರು ಬಂದಿತು: ಗುಂಡು ತಗಲಿದವನು ಬೀಳದೆ ಮುನ್ನುಗ್ಗಿ ಬರುತ್ತಾನೆ. 1880ರ ದಶಕದ ಆರಂಭದಲ್ಲಿ ಪಾಯಿಂಟ್ 476 ಎಂಬ ಇನ್ನೂ ದಪ್ಪನೆಯ ತೋಟಾ ಬಂದಿತು. 1887ರಲ್ಲಿ ವೆಬ್ಲೀ ರಿವಾಲ್ವರು ಸೈನ್ಯದ ಆಯುಧವಾಯಿತು. ಅದಕ್ಕೆಂದು 1891ರಲ್ಲಿ ಪಾಯಿಂಟ್ 455 ಸ್ವೀಕೃತವಾಯಿತು. ಇದರ ಗುಂಡು 265 ಗ್ರೇನ್. ತೊಲದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ತೊಲ. ಮದುವೆಯ ಮನೆಯಲ್ಲಿ ಹೆಣ್ಣಿನ ಕೊರಳಿಗೆ ಇಷ್ಟು ತೂಕದ ಚಿನ್ನ ಬಿದ್ದರೆ ನಮ್ಮ ಮಧ್ಯಮವರ್ಗದ ತಂದೆತಾಯಿಗಳು ನಿಟ್ಟುಸಿರು ಬಿಡುತ್ತಾರೆ. ಸಾಮ್ರಾಜ್ಯದ ಲೆಕ್ಕದಲ್ಲಿ ಒಬ್ಬ ಮನುಷ್ಯನನ್ನು ಕೆಡವಲು ಬೇಕಾದ ಸೀಸವೂ ಅಷ್ಟೇ ಆಗಿತ್ತು.

ಮೊದಮೊದಲು ಇದರಲ್ಲೂ ತುಂಬಿದ್ದು ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಕರಿಮದ್ದನ್ನೇ. ಕೆಲವೇ ವರ್ಷಗಳಲ್ಲಿ ಆ ಸ್ಥಾನಕ್ಕೆ ‘ಕಾರ್ಡೈಟ್’ ಬಂದಿತು. 1889ರಲ್ಲಿ ಏಬಲ್ ಮತ್ತು ಡ್ಯೂವರ್ ಎಂಬ ವಿಜ್ಞಾನಿಗಳು ಸಿದ್ಧಪಡಿಸಿದ ಈ ಹೊಗೆಯಿಲ್ಲದ ಮದ್ದಿನ ಪಾಕ ಹೀಗಿತ್ತು: ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಸಿಡಿಹತ್ತಿ, 5 ಪಾಲು ವ್ಯಾಸಲೀನ್. ದಾವಣಗೆರೆಯವರು ಇಲ್ಲಿ ಕಿವಿ ನಿಮಿರಿಸಬೇಕು. ಸಿಡಿಹತ್ತಿ ಎಂಬುದು ನಮ್ಮ ಹತ್ತಿಯೇ. ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿ ತೊಳೆದರೆ, ನೋಟಕ್ಕೆ ಹತ್ತಿಯಾಗಿಯೇ ಇದ್ದು ಕಿಡಿ ತಗಲಿದೊಡನೆ ಸಿಡಿಯುವ ವಸ್ತುವಾಗುತ್ತದೆ. 1846ರಲ್ಲಿ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಪ್ರಕಟಪಡಿಸಿದ. ನಮ್ಮ ದಾವಣಗೆರೆ ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ನೂಲಾಗಿ ಸೀರೆಯಾಗುವುದೂ, ಆಮ್ಲದಲ್ಲಿ ಮಿಂದು ಮದ್ದಾಗುವುದೂ ಒಂದೇ ಸೆಲ್ಯುಲೋಸ್. ದಕ್ಷಿಣ ಭಾರತದಲ್ಲಿಯೇ ಕಾರ್ಡೈಟ್ ತಯಾರಿಸಲು 1904ರಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಖಾನೆ ಆರಂಭವಾಯಿತು. ಊಟಿಯ ಪುಟ್ಟ ರೈಲಿನಲ್ಲಿ ಹೋದವರು ಆ ನಿಲ್ದಾಣದ ಫಲಕವನ್ನು ಕಂಡಿರುತ್ತೀರಿ.

ಇನ್ನು ಆ 58 ಪಾಲಿನ ನೈಟ್ರೋಗ್ಲಿಸರಿನ್! 1879ರಲ್ಲಿ ಮರೆಲ್ ಎಂಬ ಲಂಡನ್ನಿನ ವೈದ್ಯರು ಅದು ಎದೆಶೂಲೆಗೆ ಒಳ್ಳೆಯ ಔಷಧವೆಂದು ಪ್ರಕಟಿಸಿದರು. ಡೈನಮೈಟಿನ ಜನಕ ನೊಬೆಲ್‌ಗೆ ಮುಪ್ಪಿನಲ್ಲಿ ಅವನ ವೈದ್ಯರು ಇದನ್ನೇ ಸೂಚಿಸಿದರು. ಇಂದಿಗೂ ನನ್ನ ವಯಸ್ಸಿನ ಎಷ್ಟೋ ಜನ ಎದೆ ಹಿಂಡಿದಾಗ ನಾಲಿಗೆಯ ಅಡಿ ಇಟ್ಟುಕೊಳ್ಳುವ ಗುಳಿಗೆ ಈ ವಸ್ತುವಿನದೋ ಅದರ ಬಂಧುವಿನದೋ ಆಗಿರುತ್ತದೆ. ಔಷಧಕ್ಕೂ ಸಿಡಿಪುಡಿಗೂ ಮದ್ದು ಎಂಬ ಒಂದೇ ಹೆಸರಿಟ್ಟ ನಮ್ಮ ಪೂರ್ವಿಕರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಮಾತು ಅವರಿಗಿಂತ ಮುಂದೆ ಹೋಗಿ ಕಾದಿತ್ತು.

ಕಾರ್ಡೈಟ್ ಬಲಶಾಲಿ. ಕರಿಮದ್ದಿನ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಅದೇ ಕೆಲಸ ಮಾಡುತ್ತಿತ್ತು. ಹಿತ್ತಾಳೆಯ ಕೋಶದಲ್ಲಿ ವ್ಯರ್ಥವಾಗಿ ಜಾಗ ಉಳಿದದ್ದರಿಂದ 1897ರ ಎರಡನೆಯ ಮಾದರಿಯಲ್ಲಿ ಕೋಶವನ್ನು ಇಂಚಿನ ಹತ್ತನೆಯ ಒಂದು ಭಾಗದಷ್ಟು ಮೋಟು ಮಾಡಿದರು. ಈ ತೋಟಾದ ಗುಂಡು ಸೆಕೆಂಡಿಗೆ ಸುಮಾರು 600 ಅಡಿ ವೇಗದಲ್ಲಿ ಹೊರಡುತ್ತಿತ್ತು. ಶಬ್ದದ ವೇಗ ಸೆಕೆಂಡಿಗೆ 1,100 ಅಡಿಗೂ ಮಿಗಿಲು. ಅಂದರೆ ಇದು ತನ್ನ ಸದ್ದಿಗಿಂತ ಹಿಂದೆ ಬೀಳುವ ಗುಂಡು. ಜರ್ಮನಿಯ ಲೂಗರ್ 1902ರಲ್ಲಿ ರೂಪಿಸಿದ, ಇಂದು ಲೋಕವೆಲ್ಲ ಬಳಸುವ 9 ಮಿಲಿಮೀಟರ್ ತೋಟಾದ ಗುಂಡು ಇದರ ಅರ್ಧಕ್ಕಿಂತ ಕಡಿಮೆ ತೂಕದ್ದು, ಆದರೆ ವೇಗ ಹೆಚ್ಚುಕಡಿಮೆ ಎರಡರಷ್ಟು. ಚಲನಶಕ್ತಿಯ ಲೆಕ್ಕ ಹಾಕಿದರೆ ವೆಬ್ಲೀಯದು 290 ಜೂಲ್‌ಗಳ ಆಸುಪಾಸು, ಲೂಗರನದು 480ರ ಆಸುಪಾಸು. ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗದಲ್ಲಿ ಮಾತ್ರ ನಮ್ಮ ಮುದುಕನೇ ತುಸು ಮುಂದು. ಆನೆ ನಡೆದಂತೆ ನಿಧಾನ, ಭಾರ. ಅದೇ ಅದರ ಗುಣವೆಂದು ಸೈನ್ಯ ನಂಬಿತ್ತು.

ಈ ನಂಬಿಕೆಗೆ ಅವರಿಟ್ಟ ಹೆಸರು ‘ತಡೆಯುವ ಶಕ್ತಿ’. ಇದು ಯಾರನ್ನು ತಡೆಯುವ ಶಕ್ತಿ? ಈ ಪ್ರಶ್ನೆಯಿಂದ ತಾಂತ್ರಿಕ ಚರಿತ್ರೆ ಮುಗಿದು ಮನುಷ್ಯರ ಚರಿತ್ರೆ ಮೊದಲಾಗುತ್ತದೆ.

1895ರಲ್ಲಿ ವಾಯವ್ಯ ಗಡಿಯ ಚಿತ್ರಾಲ್ ದಂಡಯಾತ್ರೆಯಲ್ಲಿ ಸೈನ್ಯದ ಹೊಸ ಕೋವಿಯ ತೆಳುವಾದ ಗುಂಡು ಪಠಾಣರನ್ನು ಹಾದುಹೋಗುತ್ತದೆಯೇ ಹೊರತು ಉರುಳಿಸುವುದಿಲ್ಲವೆಂಬ ದೂರು ಎದ್ದಿತು. ಅದಕ್ಕೆ ಪರಿಹಾರ ಸಿದ್ಧವಾದದ್ದು ಮತ್ತೆ ಅದೇ ಡಂಡಮ್ಮಿನಲ್ಲಿ. ಅಲ್ಲಿನ ಕಾರ್ಖಾನೆಯ ಕ್ಯಾಪ್ಟನ್ ಬರ್ಟಿ ಕ್ಲೇ ಗುಂಡಿನ ಮೂತಿಯ ಲೋಹಕವಚವನ್ನು ಬಿಟ್ಟು ಒಳಗಿನ ಸೀಸವನ್ನು ಬಯಲುಮಾಡಿದ. ಮೈಗೆ ತಗಲಿದೊಡನೆ ಗುಂಡು ಅಣಬೆಯಂತೆ ಅರಳುತ್ತಿತ್ತು. ನಲವತ್ತು ವರ್ಷಗಳ ಹಿಂದೆ ಕೊಬ್ಬಿನ ತೋಟಾದ ಸುದ್ದಿ ಹುಟ್ಟಿದ ಊರಿನ ಹೆಸರು ಈಗ ಒಂದು ಗುಂಡಿನ ಹೆಸರಾಗಿ ಲೋಕದ ನಿಘಂಟುಗಳನ್ನು ಸೇರಿತು. ರಿವಾಲ್ವರಿನ ತೋಟಾವೂ ಹಿಂದೆ ಬೀಳಲಿಲ್ಲ. 1898ರಲ್ಲಿ ಪಾಯಿಂಟ್ 455ರ ಮೂರನೆಯ ಮಾದರಿ ಹೊರಬಂದಿತು: 218 ಗ್ರೇನಿನ ಸಿಲಿಂಡರಿನಾಕಾರದ ಸೀಸ, ಎರಡೂ ತುದಿಗಳಲ್ಲಿ ಬಟ್ಟಲಿನಂಥ ಗುಳಿ. ಹಿಂದಿನ ಗುಳಿ ಅನಿಲವನ್ನು ಹಿಡಿದುಕೊಳ್ಳಲು. ಮುಂದಿನದು ಮಾಂಸವನ್ನು ಹೊಕ್ಕಾಗ ಬಿರಿಯಲು. ಅದರ ಅಡ್ಡಹೆಸರು ‘ಮ್ಯಾನ್‌ಸ್ಟಾಪರ್’, ಮನುಷ್ಯನನ್ನು ನಿಲ್ಲಿಸುವುದು.

1899ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಶಾಂತಿಸಮ್ಮೇಳನ ನಡೆಸಿದವು. ದೇಹದಲ್ಲಿ ಹಿಗ್ಗುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ಬಳಸಬಾರದೆಂಬ ಘೋಷಣೆಗೆ ಅಲ್ಲಿ ಸಹಿ ಬಿದ್ದಿತು. ಬ್ರಿಟನ್ ವಿರೋಧಿಸಿತು. ಅದರ ಪ್ರತಿನಿಧಿ ಸರ್ ಜಾನ್ ಆರ್ಡಾ ಮಂಡಿಸಿದ ವಾದದ ಸಾರ ಇಷ್ಟು: ನಾಗರಿಕ ದೇಶದ ಸೈನಿಕನಿಗೆ ಗುಂಡು ತಗಲಿದರೆ ಅವನು ತಾನು ಗಾಯಗೊಂಡೆನೆಂದು ತಿಳಿದು ಚಿಕಿತ್ಸೆಗೆ ಹಿಂದೆ ಸರಿಯುತ್ತಾನೆ, ಅನಾಗರಿಕನು ಹಾಗಲ್ಲ, ಗುಂಡು ಹೊಕ್ಕರೂ ಈಟಿ ಹಿಡಿದು ನುಗ್ಗುತ್ತಾನೆ, ಆದ್ದರಿಂದ ಅವನಿಗೆ ಬೇರೆ ಗುಂಡು ಬೇಕು. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮಗುಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಾಗರಿಕನೆಂದು, ಅನಾಗರಿಕನೆಂದು ಹೀಗೆ ಮನುಷ್ಯರ ಮಾಂಸವನ್ನೇ ಎರಡು ಜಾತಿಯಾಗಿ ವಿಂಗಡಿಸಿದ ಮಾತು ಯಾವುದೋ ಬೀದಿಯಲ್ಲಿ ಹುಟ್ಟಲಿಲ್ಲ. ಶಾಂತಿಸಮ್ಮೇಳನದ ಹಸಿರು ಮೇಜಿನ ಸುತ್ತ, ಸೌಮ್ಯವಾದ ದನಿಯಲ್ಲಿ, ನಡಾವಳಿಯ ಭಾಷೆಯಲ್ಲಿ ಹುಟ್ಟಿತು.

ಮ್ಯಾನ್‌ಸ್ಟಾಪರ್ ಬೇಗನೆ ಸೇನೆಯ ಬಳಕೆಯಿಂದ ಹಿಂದೆ ಸರಿಯಿತು. ಎರಡನೆಯ ಮಾದರಿ ಮರಳಿ ಬಂತು. 1907ರಲ್ಲಿ ಬ್ರಿಟನ್ ಆ ಘೋಷಣೆಗೆ ತಾನೂ ಸೇರಿತು. ಆದರೆ ಘೋಷಣೆಯ ಒಡಲಲ್ಲೊಂದು ಬಿರುಕಿತ್ತು. ಸಹಿ ಮಾಡಿದ ರಾಜ್ಯಗಳು ತಮ್ಮ ತಮ್ಮೊಳಗೆ ಮಾಡುವ ಯುದ್ಧಕ್ಕಷ್ಟೆ ಅದು ಅನ್ವಯ. ರಾಜ್ಯವನ್ನು ಕಳೆದುಕೊಂಡವರಿಗೆ ಆ ಕಾಗದದಲ್ಲಿ ಸ್ಥಳವಿರಲಿಲ್ಲ.

1904ರಲ್ಲಿ ಅಮೆರಿಕದ ಸೈನ್ಯವೂ ಇದೇ ಪ್ರಶ್ನೆಗೆ ಉತ್ತರ ಹುಡುಕಿತು. ಫಿಲಿಪೈನ್ಸಿನಲ್ಲಿ ತಮ್ಮ ಸಣ್ಣ ರಿವಾಲ್ವರು ಮೋರೋ ಜನರನ್ನು ತಡೆಯುತ್ತಿಲ್ಲವೆಂಬುದು ಅವರ ದೂರು. ಥಾಂಪ್ಸನ್ ಎಂಬ ಅಧಿಕಾರಿ ಮತ್ತು ಲಗಾರ್ಡ್ ಎಂಬ ವೈದ್ಯ ಷಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೂ, ಬೇರೆಡೆ ಮನುಷ್ಯರ ಶವಗಳ ಮೇಲೂ ಬಗೆಬಗೆಯ ಗುಂಡು ಹಾರಿಸಿ ನೋಡಿದರು. ಆ ಪರೀಕ್ಷೆಯಲ್ಲಿ ಪಾಯಿಂಟ್ 455 ಕೂಡ ಇತ್ತು. ಪಾಯಿಂಟ್ 45ಕ್ಕಿಂತ ಕಡಿಮೆ ಅಳತೆ ಸಾಲದೆಂದು ಅವರು ತೀರ್ಮಾನಿಸಿದರು. ಎಷ್ಟು ಗುಂಡಿಗೆ ಎಷ್ಟು ಹೊತ್ತಿನಲ್ಲಿ ದನ ಬಿದ್ದಿತೆಂದು ಬರೆದಿಟ್ಟ ಆ ವರದಿ ಬಹಳ ಕಾಲ ಪ್ರಮಾಣಗ್ರಂಥವೆನಿಸಿತ್ತು.

ವಿಜ್ಞಾನ ಮುಂದೆ ಹೇಳಿದ್ದೇ ಬೇರೆ. ಗುಂಡು ಮನುಷ್ಯನನ್ನು ಹಿಂದಕ್ಕೆ ಎತ್ತಿ ಎಸೆಯುತ್ತದೆಂಬುದು ಸಿನಿಮಾದ ಕಲ್ಪನೆ. ನ್ಯೂಟನ್ನನ ಮೂರನೆಯ ನಿಯಮದಂತೆ, ಹೊಡೆಸಿಕೊಂಡವನಿಗೆ ತಗಲುವ ನೂಕು ಹೊಡೆದವನ ಅಂಗೈಗೆ ತಗಲುವ ನೂಕಿಗಿಂತ ಹೆಚ್ಚಾಗಲಾರದು. 1989ರಲ್ಲಿ ಅಮೆರಿಕದ ಎಫ್.ಬಿ.ಐ. ಸಂಸ್ಥೆ ಪ್ರಕಟಿಸಿದ ವರದಿಯೂ ಕೈಬಂದೂಕಿನ ‘ಕೆಡವುವ ಶಕ್ತಿ’ ಎಂಬುದು ಮಿಥ್ಯೆಯೆಂದು ಹೇಳಿತು. ಗುಂಡು ಎಲ್ಲಿ ತಗಲಿತು, ಎಷ್ಟು ಆಳಕ್ಕೆ ಹೋಯಿತು ಎಂಬುದೇ ಮುಖ್ಯವೆಂದಿತು. ಹಾಗಾದರೆ ಗಡಿಯ ಪಠಾಣ, ದ್ವೀಪದ ಮೋರೋ ಬೀಳದೆ ನುಗ್ಗಿದ್ದು ಏತಕ್ಕೆ? ಎಷ್ಟೋ ಗುಂಡುಗಳು ಮರ್ಮಕ್ಕೆ ತಗಲಲಿಲ್ಲವೆಂಬುದು ಒಂದು ಉತ್ತರ. ತನ್ನ ನೆಲದ ಮೇಲೆ ನಿಂತವನು ಸುಲಭವಾಗಿ ಹಿಂದೆ ಸರಿಯುವುದಿಲ್ಲವೆಂಬುದು ಇನ್ನೊಂದು. ಹಲಗಲಿಯ ಲಾವಣಿ ಬಲ್ಲವರಿಗೆ ಈ ಎರಡನೆಯ ಉತ್ತರ ಹೊಸದಲ್ಲ. ಎದುರಾಳಿಯ ಧೈರ್ಯವನ್ನು ಧೈರ್ಯವೆಂದು ಕರೆಯಲು ಮನಸ್ಸಿಲ್ಲದವರು ಅದನ್ನು ತಮ್ಮ ತೋಟಾದ ದೋಷವೆಂದು ಬರೆದುಕೊಂಡರು.

ಅಂಜಿಕೆಯೂ ಅಂಕಿಗಳಲ್ಲಿಯೇ ವ್ಯಕ್ತವಾಗುತ್ತಿತ್ತು. ಸೈನ್ಯದ ಹಳೆಯ ಕೋವಿಗಳು ಪಾಯಿಂಟ್ 450 ಅಳತೆಯವು. ಆ ಮದ್ದುಗುಂಡು ದಂಗೆಕೋರರ ಕೈಸೇರಬಾರದೆಂದು 1907ರಲ್ಲಿ ಭಾರತಕ್ಕೂ ಸೂಡಾನಿಗೂ ಆ ಅಳತೆಯ ತೋಟಾಗಳ ಆಮದನ್ನೇ ನಿಷೇಧಿಸಲಾಯಿತು. ಇಂಗ್ಲೆಂಡಿನ ಬೇಟೆಬಂದೂಕಿನ ತಯಾರಕರು ತೊಂದರೆಪಡದೆ ಪಾಯಿಂಟ್ 465, ಪಾಯಿಂಟ್ 470 ಎಂಬ ಹೊಸ ಅಳತೆಗಳನ್ನು ಹೊರತಂದರು. ಇಂಚಿನ ಸಾವಿರದಲ್ಲಿ ಹದಿನೈದಿಪ್ಪತ್ತು ಭಾಗದ ಅಂತರದಲ್ಲಿ ಸಾಮ್ರಾಜ್ಯ ನೆಮ್ಮದಿಯಾಗಿ ನಿದ್ರಿಸಿತು.

ಮೊದಲನೆಯ ಮಹಾಯುದ್ಧ ಬಂದಿತು. 1912ರಲ್ಲಿ ಮತ್ತು 1914ರಲ್ಲಿ ಹೊರಬಂದಿದ್ದ ಚಪ್ಪಟೆಮೂತಿಯ ಮಾದರಿಗಳನ್ನು, ಹೇಗ್ ಘೋಷಣೆಗೆ ವಿರುದ್ಧವಾದಾವೆಂದು, ಯುದ್ಧ ಮೊದಲಾದೊಡನೆ ಹಿಂದಕ್ಕೆ ಪಡೆದರು. ಈ ಸಲ ಎದುರಿಗಿದ್ದವರು ಯುರೋಪಿನವರು, ಕಾನೂನು ಎಚ್ಚರಗೊಂಡಿತು. ಗುಂಡುಮೂತಿಯ ಹಳೆಯ ಎರಡನೆಯ ಮಾದರಿಯೇ ಯುದ್ಧವನ್ನು ಪೂರೈಸಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದಿತು. ಸಾಮ್ರಾಜ್ಯದ ಅಧಿಕಾರಿಗಳ ಸೊಂಟದಲ್ಲಿ ಒಂದೂವರೆ ತೊಲದ ಸೀಸವಿದ್ದ ಆ ಯುದ್ಧದಲ್ಲಿ ನಮ್ಮ ಸವಾರರು ಭರ್ಜಿ ಹಿಡಿದು ಕುದುರೆ ದೌಡಾಯಿಸಿದರು. ಈಟಿ ಹಿಡಿದು ನುಗ್ಗುವುದು ಅನಾಗರಿಕನ ಲಕ್ಷಣವೆಂದು ಹೇಗ್‌ನಲ್ಲಿ ವಾದಿಸಿದವರು, ಅದೇ ನುಗ್ಗುವಿಕೆ ತಮ್ಮ ಪಕ್ಷದಲ್ಲಿ ನಡೆದಾಗ ಪದಕಗಳನ್ನು ಹಂಚಿದರು.

ಯುದ್ಧ ಮುಗಿದ ಮೇಲೆ ಸೈನ್ಯ ಮತ್ತೊಮ್ಮೆ ಲೆಕ್ಕ ಹಾಕಿತು. ವೆಬ್ಲೀ ಭಾರವಾದ ಆಯುಧ. ಅವಸರದಲ್ಲಿ ತರಬೇತಿ ಪಡೆದ ಹೊಸಬನ ಕೈಗೆ ಒಗ್ಗದು. ಪಾಯಿಂಟ್ 380 ಅಳತೆಯ, 200 ಗ್ರೇನ್ ತೂಕದ ಗುಂಡು ಸಾಕೆಂದು ಈಗ ಅಭಿಪ್ರಾಯವಾಯಿತು. ಮೂವತ್ತು ವರ್ಷಗಳ ಹಿಂದೆ ಅನಿವಾರ್ಯವೆನಿಸಿದ್ದ ದಪ್ಪ ಸೀಸ ಈಗ ಅನಗತ್ಯವಾಯಿತು. 1932ರಿಂದ ಎನ್‌ಫೀಲ್ಡ್ ರಿವಾಲ್ವರು ಈ ತೋಟಾವನ್ನು ಹೊತ್ತಿತು. 1938ರ ಸುಮಾರಿಗೆ, ಬರಿಯ ಸೀಸದ ಗುಂಡು ಹೇಗ್ ಘೋಷಣೆಯ ಕಣ್ಣಿಗೆ ಬಿದ್ದೀತೆಂದು, ತಾಮ್ರಮಿಶ್ರಿತ ಲೋಹದ ಕವಚ ತೊಡಿಸಿ ಹಗುರ ಮಾಡಿದರು. ತೂಕ ಸುಮಾರು 180 ಗ್ರೇನಿಗೆ ಇಳಿಯಿತು. ಲೆಕ್ಕ ನೋಡಿ, ಶ್ರೋತೃಗಳೇ: ಹೆಚ್ಚುಕಡಿಮೆ ಒಂದು ತೊಲ, ಚಕ್ರವರ್ತಿಯ ಮುಖಮುದ್ರೆಯಿದ್ದ ಒಂದು ಬೆಳ್ಳಿ ರೂಪಾಯಿಯ ತೂಕ.

ಪಾಯಿಂಟ್ 455 ಬ್ರಿಟಿಷ್ ಸೇನೆಯಿಂದ ನಿವೃತ್ತವಾದದ್ದು 1947ರಲ್ಲಿ. ಇದು ಕಾಕತಾಳೀಯವೇ ಇರಬಹುದು. ಆದರೂ ಆ ಇಸವಿಯನ್ನು ಕಂಡಾಗ ಭಾರತೀಯನೊಬ್ಬನಿಗೆ ಮುಗುಳ್ನಗೆ ಬರದಿರದು. ಅದರ ತಮ್ಮ ಪಾಯಿಂಟ್ 380 ನಮ್ಮಲ್ಲೇ ಉಳಿಯಿತು. ಪುಣೆಯ ಹತ್ತಿರ ಖಡಕಿಯಲ್ಲಿ 1869ರಲ್ಲಿ ಸ್ಥಾಪನೆಯಾದ ಮದ್ದುಗುಂಡಿನ ಕಾರ್ಖಾನೆ ಅದನ್ನು ತಯಾರಿಸಿತು. ನಾನು ಬಾಲಕನಾಗಿದ್ದಾಗ ಹರಿಹರದ ತೇರಿನ ದಿನ ಜನಜಂಗುಳಿಯ ನಡುವೆ ನಿಂತ ಸಬ್‌ಇನ್‌ಸ್ಪೆಕ್ಟರರ ಸೊಂಟದ ಚರ್ಮದ ಚೀಲವನ್ನು ನಾವು ಹುಡುಗರು ದೇವರಿಗಿಂತ ಹೆಚ್ಚು ಭಯಭಕ್ತಿಯಿಂದ ನೋಡುತ್ತಿದ್ದೆವು. ಅದರೊಳಗೆ ಏನಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದೆ ನಮ್ಮ ಸೇನೆಗೂ ಪೊಲೀಸಿಗೂ ಈಶಾಪುರದಲ್ಲಿ ತಯಾರಾದ 9 ಮಿಲಿಮೀಟರಿನ ಪಿಸ್ತೂಲು ಬಂದಿತು. ಪರವಾನಗಿ ಪಡೆದ ಪ್ರಜೆಗೆ ಮಾತ್ರ ಸೇನೆಯ ಅಳತೆಗಳು ನಿಷಿದ್ಧವಾಗಿಯೇ ಉಳಿದವು. ಕಾನಪುರದ ಕಾರ್ಖಾನೆ ಹಳೆಯ ವೆಬ್ಲೀಯ ಮಾದರಿಯಲ್ಲೇ ಅವನಿಗೆಂದು ಪಾಯಿಂಟ್ 32 ಅಳತೆಯ ರಿವಾಲ್ವರನ್ನು ತಯಾರಿಸಿತು. ಪ್ರಜೆಯ ಕೈಯಲ್ಲಿ ಯಾವ ಅಳತೆ ಇರಬಾರದೆಂಬ ಹಳೆಯ ಲೆಕ್ಕ ಸ್ವತಂತ್ರ ಭಾರತದ ಕಾಯಿದೆಗೂ ಹರಿದುಬಂದಿತು.

ನಾನು ವ್ಯಾಕರಣ ಪಾಠ ಹೇಳಿದವನು. ಒಂದು ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆಗಳಿರಬೇಕೆಂದು ಕಲಿಸಿದವನು. ತೋಟಾಗಳ ಗುಣಗಳನ್ನು ಪಟ್ಟಿಮಾಡಿದ ಹಳೆಯ ಕೈಪಿಡಿಗಳ ಭಾಷೆಯಲ್ಲಿ ಕ್ರಿಯೆ ಮಾತ್ರ ಇರುತ್ತದೆ: ಇಷ್ಟು ತೂಕ, ಇಷ್ಟು ವೇಗ, ಇಷ್ಟು ಆಳ. ಹೊಡೆದವನು ಯಾರು, ಬಿದ್ದವನು ಯಾರು ಎಂಬುದು ಲೋಪವಾಗಿರುತ್ತದೆ. ಕರ್ತೃವನ್ನೂ ಕರ್ಮವನ್ನೂ ಕಳೆದುಕೊಂಡ ವಾಕ್ಯಕ್ಕೆ ಸಂಕಟವೂ ಇಲ್ಲ, ಜವಾಬ್ದಾರಿಯೂ ಇಲ್ಲ. ‘ಮನುಷ್ಯನನ್ನು ನಿಲ್ಲಿಸುವುದು’ ಎಂಬ ಹೆಸರನ್ನೇ ನೋಡಿ. ಅದು ಮಾಡುತ್ತಿದ್ದುದು ಬೀಳಿಸುವ ಕೆಲಸ. ಕನ್ನಡದಲ್ಲಿ ‘ನಿಲ್ಲಿಸು’ ಎಂಬ ಕ್ರಿಯಾಪದಕ್ಕೆ ತಡೆ ಎಂಬುದಲ್ಲದೆ ಇನ್ನೊಂದು ಅರ್ಥವುಂಟು: ಎತ್ತಿ ನೆಡು, ಸ್ಥಾಪಿಸು. ಹೋರಾಡಿ ಬಿದ್ದವನಿಗೆ ನಮ್ಮವರು ವೀರಗಲ್ಲು ನಿಲ್ಲಿಸುತ್ತಿದ್ದರು. ತುರುಗಳನ್ನು ಕಾಯುತ್ತ ಸತ್ತ ಸಾಮಾನ್ಯನ ಹೆಸರನ್ನೂ ಆ ಕಲ್ಲುಗಳಲ್ಲಿ ಕೆತ್ತಿಸಿದರು.

1942ರ ಚಳವಳಿಯಲ್ಲಿ ದಾವಣಗೆರೆಯಲ್ಲೂ ಗೋಲೀಬಾರು ನಡೆದು ಜನ ಪ್ರಾಣ ತೆತ್ತರು. ಅಲ್ಲಿ ಹಾರಿದ ಗುಂಡಿನ ಅಳತೆಯೆಷ್ಟು, ತೂಕವೆಷ್ಟು ಎಂದು ನಮ್ಮ ಊರಿನವರು ಕೇಳಲಿಲ್ಲ. ಬಿದ್ದವರು ಯಾರ ಮಕ್ಕಳು, ಯಾವ ಕೇರಿಯವರು ಎಂದು ಕೇಳಿದರು. ಹುತಾತ್ಮರೆಂದು ಕರೆದು ಸ್ಮಾರಕವನ್ನು ನಿಲ್ಲಿಸಿದರು. ತೋಟಾದ ಸಾಮರ್ಥ್ಯವನ್ನು ಕುರಿತ ಅಂಕಿಗಳನ್ನು ಓದುವುದು ತಪ್ಪೆಂದು ನಾನು ಹೇಳಲಾರೆ. ಅವುಗಳ ಹಿಂದೆ ಅಪಾರ ಬುದ್ಧಿ ಇದೆ, ಲೇಥಿನ ಮುಂದೆ ನಿಂತ ಕುಶಲಿಗಳ ಬೆವರಿದೆ. ಆದರೆ ಅಂಥ ಅಂಕಿಯೊಂದು ನಿಮ್ಮ ಕಣ್ಣಿಗೆ ಬಿದ್ದಾಗ ಲೋಪವಾದ ಎರಡು ಪದಗಳನ್ನು ತುಂಬಿ ಓದಿ: ಹಾರಿಸಿದವನು ಯಾರು, ಬಿದ್ದವನು ಯಾರು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಜಗತ್ತಿಗೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದೂ ಒಂದೆಂದು ನಾನು ತಿಳಿದಿದ್ದೇನೆ.